ಷಡ್ಡಕರ ಯೋನ, ನನ್ನ ಸೋರೆಬಳ್ಳಿ

ನನ್ನ ಷಡ್ಡಕರಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದಾನೆ, ಹೊಟ್ಟೆಕಿಚ್ಚೊಂದನ್ನು ಬಿಟ್ಟು. ಅವರ ಪಾಲಿನದೂ ನನಗೇ ಬಂದಿದೆ!

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಧಾರವಾಡದವರು, ಈಗ ನ್ಯೂಜಿಲೆಂಡಿನ ತಕಾನಿನಿಯಲ್ಲಿದ್ದಾರೆ. ನಾವು ಪಕ್ಕದ ಪಾಪಕುರಾದಲ್ಲಿ. ಪಾದ್ರಿಗಳ ಶಾಲೆಯಲ್ಲಿ ಕೇಳಿದ ಪ್ರವಾದಿ ಯೋನನ ಕಥೆ ಅವರನ್ನು ಇನ್ನೂ ಬಿಟ್ಟಿಲ್ಲ. ಸತ್ಯನಾರಾಯಣ ಪೂಜೆಯಿರಲಿ, ಬಾರ್ಬೆಕ್ಯೂ ಇರಲಿ, ತಟ್ಟೆ ಖಾಲಿಯಾದ ಕೂಡಲೇ ಯೋನ ಹಾಜರ್! ನಿನೆವೆ ಊರಿಗೆ ಹೋಗಿ ಕೆಟ್ಟ ಜನರಿಗೆ ಬುದ್ಧಿ ಹೇಳೆಂದು ದೇವರು ಕಳಿಸಿದರೆ, ಆ ಪುಣ್ಯಾತ್ಮ ಎದುರು ದಿಕ್ಕಿನ ಹಡಗು ಹತ್ತಿದ, ಸಮುದ್ರಕ್ಕೆ ಬಿದ್ದ, ದೊಡ್ಡ ಮೀನು ನುಂಗಿತು. ಅದು ಅವನನ್ನು ಉಗುಳುವುದು ಮಾತ್ರ ಯಾವಾಗಲೂ ನ್ಯೂಜಿಲೆಂಡಿನ ಬೀಚಿನಲ್ಲೇ. ಅದು ಹೇಗೆಂದು ಕೇಳಿದರೆ, "ಮೀನಿಗೆ ವೀಸಾ ಯಾಕ ಬೇಕ್ರಿ?" ಎನ್ನುತ್ತಾರೆ. ಲಾನ್ ಕತ್ತರಿಸಲು ಹೇಳಿದಾಗ ಮಾಲ್‌ಗೆ ಹೊರಡುವ ನನ್ನನ್ನು ನನ್ನ ಹೆಂಡತಿ ಈಗ ಯೋನ ಎಂದೇ ಕರೆಯುತ್ತಾಳೆ.

ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು ಅವರ ಕಥೆಗೆ ಬಾಯಿ ತೆರೆದು ಕೂರುತ್ತಾಳೆ. ನನ್ನ ಕಥೆಗೆ ಆಕಳಿಸುವವಳು! ಹೊಟ್ಟೆ ಉರಿಯದೆ ಇನ್ನೇನಾಗಬೇಕು? ಮೀನು ಉಗುಳಿದ ಕೂಡಲೇ ನಾನು ಎದ್ದುಬಿಡುತ್ತಿದ್ದೆ. ಮುಂದೇನಾಯಿತೆಂದು ಕೇಳಿದವನೇ ಅಲ್ಲ.

ಒಂದು ಬೇಸಿಗೆ ನನಗೂ ಗೆಲುವು ಸಿಕ್ಕಿತು. ಅವರ ಹಿತ್ತಿಲಲ್ಲಿ ಮೊಳೆಯದ ಸೋರೆ ನನ್ನ ಬೇಲಿಯ ತುಂಬ ಹಬ್ಬಿತು! ಆಂಟಿಯರ ವಾಟ್ಸಾಪ್ ಗುಂಪಿನಲ್ಲಿ ಹೊಗಳಿದ್ದೇ ಹೊಗಳಿದ್ದು. ಷಡ್ಡಕರೂ ಮನಸಾರೆ ಹೊಗಳಿ ನನ್ನ ಸಂತೋಷವನ್ನು ಅರ್ಧ ಕೆಡಿಸಿದರು. ಚಳಿ ಶುರುವಾದಾಗ ಬಳ್ಳಿಗೆ ನನ್ನ ಮದುವೆಯ ರೇಷ್ಮೆ ಪಂಚೆ ಹೊದಿಸಿದೆ. ಆರತಿಯನ್ನೂ ಎತ್ತಬೇಕೇ ಎಂದು ಹೆಂಡತಿ ಕೇಳಿದಳು. ಒಂದು ಬೆಳಿಗ್ಗೆ ನೋಡಿದರೆ, ಇಬ್ಬನಿ ಹೆಪ್ಪುಗಟ್ಟಿ ಬಳ್ಳಿ ಕರಕಲಾಗಿತ್ತು.

ಸುದ್ದಿ ತಿಳಿದ ಷಡ್ಡಕರು ಈಗಲೇ ಬರುತ್ತೇನೆಂದು ಫೋನ್ ಮಾಡಿದರು. ಬರುವುದೇ ಬೇಡವೆಂದು ಸಿಡುಕಿ ಫೋನಿಟ್ಟೆ. ಬಳ್ಳಿಯ ಪಕ್ಕ ಕೂತು ನಿಜವಾಗಿಯೂ ಅತ್ತೆ.

ಮಗಳು ಬಂದು ಹತ್ತಿರ ಕೂತಳು. ಯೋನನಿಗೂ ಹೀಗೇ ಆಯಿತೆಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ಮೀನು ಉಗುಳಿದ ಮೇಲೆ ಅವನು ನಿನೆವೆಗೆ ಹೋಗಿ ಬುದ್ಧಿ ಹೇಳಿದನಂತೆ. ತಿದ್ದಿಕೊಂಡ ಜನರನ್ನು ದೇವರು ಕ್ಷಮಿಸಿದ್ದಕ್ಕೆ ಅವನು ಸಿಟ್ಟಾಗಿ ಊರ ಹೊರಗೆ ಕೂತನಂತೆ. ದೇವರು ಅವನ ನೆರಳಿಗೆ ಸೋರೆಬಳ್ಳಿ ಹಬ್ಬಿಸಿ, ಮರುದಿನ ಒಣಗಿಸಿದನಂತೆ. ಅವನು ಗೋಳಾಡಿದನಂತೆ. ದೇವರ ಮಾತು ಬಂದಾಗ ಮಗಳು ಕನ್ನಡಕ್ಕೆ ತಿರುಗಿದಳು.

"ಒಂದ್ ಬಳ್ಳಿ ಸಲುವಾಗಿ ನೀ ಇಷ್ಟ್ ಮರಗ್ತಿ. ಆ ಊರ ಮಂದಿ ಸಲುವಾಗಿ ನಾ ಮರಗಬಾರದೇನು?" ಎಂದಳು. ಆಮೇಲೆ ನನ್ನ ತೋಳು ಹಿಡಿದು, "ದೊಡ್ಡಪ್ಪ ಬರ್ಲಿ ಬಿಡಪ್ಪಾ" ಎಂದಳು.

ನನ್ನ ಮೈಸೂರು ಕನ್ನಡದ್ದು ಒಂದಕ್ಷರವೂ ಇಲ್ಲ, ಪೂರಾ ಧಾರವಾಡ! ಹೊಟ್ಟೆ ಉರಿಯಿತು. ಆದರೆ ನನ್ನ ಮಗಳು ನನ್ನೊಂದಿಗೆ ಕನ್ನಡ ಮಾತಾಡಿದ್ದಳು. ಷಡ್ಡಕರಿಗೆ ನಾನೇ ಫೋನ್ ಮಾಡಿದೆ. ಬೇಗ ಬನ್ನಿ, ಕಥೆಯನ್ನು ಮೊದಲಿನಿಂದ ಹೇಳಿ, ಈ ಸಲ ನಾನು ಎದ್ದು ಹೋಗುವುದಿಲ್ಲ ಎಂದೆ.