ಒಗ್ಗರಣೆ ಡಬ್ಬಿಯ ಎಂಟು ಕಾಲಿನ ಹುಳುಗಳು

ನಮ್ಮ ಸೋದರಮಾವನಿಗೆ ಕಿವಿಗಳು ಎರಡಲ್ಲ, ಮೂರು ಎಂದು ಬಸವೇಶ್ವರನಗರದ ಅವರ ಬೀದಿಯ ಅರ್ಧ ಜನ ನಂಬಿದ್ದರು. ಉಳಿದರ್ಧ ಜನರನ್ನು ನಂಬಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಮೂರನೆಯ ಕಿವಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ "ಬಿಸ್ಕತ್ತಿನ ಡಬ್ಬಿಯಲ್ಲಿ" ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳೇನಲ್ಲ.

ಎಂಬತ್ತರ ದಶಕದ ಮಾತು. ಮಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ಸುಗಳ ನಡುವೆ ದಿನವಿಡೀ ನಿಂತು, ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟು, ಹೆಡ್‌ಫೋನ್ ಧರಿಸಿ ಕೂರುತ್ತಿದ್ದರು. ಟೇಪ್‌ರೆಕಾರ್ಡರಿಗೂ ಹೆಡ್‌ಫೋನಿಗೂ ನಡುವೆ, ಬಿಸ್ಕತ್ತಿನ ಡಬ್ಬಿಯೊಳಗೆ ಅವರೇ ಕಟ್ಟಿದ ಆಂಪ್ಲಿಫೈಯರ್. ಅದರ ಹೊಟ್ಟೆಯಲ್ಲಿ ಎಂಟು ಕಾಲಿನ ಒಂದು ಕರಿ ಚಿಪ್. ಆಪ್ ಆಂಪ್ ಎಂದು ಅದರ ಹೆಸರು, ಸಣ್ಣ ಸದ್ದನ್ನು ದೊಡ್ಡದು ಮಾಡುವುದು ಅದರ ಉದ್ಯೋಗ. ಅತ್ತೆ ಮಾತ್ರ ಅದನ್ನು ಹುಳು ಎನ್ನುತ್ತಿದ್ದರು. ಕ್ರಮೇಣ ಮಾವನ ಬಾಯಲ್ಲೂ ಹುಳುವೇ ನಿಂತಿತು.

ಬೇರೆಯವರಾದರೆ ಹುಳುವನ್ನು ಸೋಲ್ಡರ್ ಹಾಕಿ ಬೆಸೆದು ಮರೆತುಬಿಡುತ್ತಾರೆ. ಮಾವ ಅದನ್ನು ಸಾಕೆಟ್ಟಿನಲ್ಲಿ ಕೂರಿಸಿದ್ದರು. ಏಕೆ? ಬೇಕೆಂದಾಗ ಕಿತ್ತು ಇನ್ನೊಂದನ್ನು ಹಾಕುವುದಕ್ಕೆ. ಹುಳು ಬದಲಾದರೆ ಹಾಡೂ ಬದಲಾಗುತ್ತದಂತೆ. ಶನಿವಾರ ಸಂಜೆ ಊರಿನ ಗಂಡಸರೆಲ್ಲ ಹೆಂಡತಿಗೆ ಮಲ್ಲಿಗೆ ಹೂವು ತಂದರೆ, ಇವರು ಎಸ್.ಪಿ. ರೋಡಿನ ರೇಡಿಯೋ ಬಿಡಿಭಾಗಗಳ ಅಂಗಡಿಯಿಂದ ಎರಡು ಹುಳು ತರುತ್ತಿದ್ದರು. ಕಣ್ಣು ಮುಚ್ಚಿ, ಕ್ಷೌರಕ್ಕೆ ಕೂತವರ ಹಾಗೆ ಗಲ್ಲ ಎತ್ತಿ, ಕೇಳಿ ತೀರ್ಪು ಕೊಡುತ್ತಿದ್ದರು.

"ಇದು ಮುದ್ದೆ ಕಣೋ. ಗಂಟಲಲ್ಲೇ ನಿಲ್ಲುತ್ತೆ."

"ಇದು?"

"ನಿನ್ನೆ ಸಾರು. ರುಚಿ ಇದೆ, ಜೀವ ಇಲ್ಲ."

ಈ ಗಲ್ಲ ಎತ್ತುವ ಭಂಗಿಯನ್ನು ನಾನು ಮದುವೆ ಮುಂಜಿಗಳಲ್ಲಿ ಅನುಕರಿಸಿ ತೋರಿಸಿ, ಎರಡನೇ ಪಂಕ್ತಿಯಲ್ಲೂ ಹೋಳಿಗೆ ಗಿಟ್ಟಿಸಿಕೊಂಡವನು. ಓದಿನಲ್ಲಿ ಅಂಥ ಕೀರ್ತಿ ಏನೂ ಇರಲಿಲ್ಲ. ಬಿ.ಎಸ್ಸಿ.ಯ ಭೌತಶಾಸ್ತ್ರವನ್ನು ಅಷ್ಟು ಇಷ್ಟಪಟ್ಟು ಎರಡನೇ ಸಲ ಓದುತ್ತಿದ್ದೆ.

ಹುಳುಗಳಿಗೆ ಮನೆ ಬೇಕಲ್ಲ? ಅತ್ತೆಯ ಒಗ್ಗರಣೆ ಡಬ್ಬಿಯ ಏಳು ಬಟ್ಟಲುಗಳಲ್ಲಿ ಮೂರನ್ನು ಮಾವ ಆಕ್ರಮಿಸಿಕೊಂಡರು. ಸಾಸಿವೆ, ಜೀರಿಗೆ, ಹುಳು. ಒಂದು ಭಾನುವಾರ ದಾವಣಗೆರೆಯಿಂದ ಬಂದ ಅತ್ತೆಯ ಅಣ್ಣ ಊಟಕ್ಕೆ ಕೂತು, ಮೂರನೇ ತುತ್ತಿಗೆ ಮುಖ ಗಂಟಿಕ್ಕಿ, ಬಾಯಿಂದ ಏನನ್ನೋ ತೆಗೆದು ತಟ್ಟೆಯ ಅಂಚಿಗೆ ಇಟ್ಟರು.

"ಏನವ್ವಾ ಇದು? ಕಾಲೈತಲ್ಲ ಇದಕ್ಕ."

ಅತ್ತೆ ನಾಚಿಕೆಯಿಂದ ಅರ್ಧ ಆದರು. ಮಾವ ಅದನ್ನು ಪಂಚೆಯಲ್ಲಿ ಒರೆಸಿ, ಬಗ್ಗಿದ ಕಾಲನ್ನು ಉಗುರಿನಿಂದ ನೇರ ಮಾಡಿ, ಊಟದ ನಡುವೆಯೇ ಎದ್ದುಹೋಗಿ ಸಾಕೆಟ್ಟಿಗೆ ಹಾಕಿ ಕೇಳಿ ಬಂದರು. "ಒಗ್ಗರಣೆ ಆದ್ಮೇಲೆ ಮಂದ್ರ ತುಂಬಾ ಸುಧಾರಿಸಿದೆ ಭಾವ" ಎಂದರು.

ಅವರ ಮರೆವಿನ ಕತೆಗಳೂ ಬೇಕಾದಷ್ಟು. ಕುಕ್ಕರು ಮೂರು ಸಲ ಕೂಗಿದರೆ ಇಳಿಸಿ ಎಂದು ಹೇಳಿ ಅತ್ತೆ ಅಂಗಡಿಗೆ ಹೋದರೆ, ಹಿಂತಿರುಗಿದಾಗ ಅನ್ನ ಗಂಜಿಯಾಗಿ, ಗಂಜಿ ಅಂಟಾಗಿರುತ್ತಿತ್ತು. "ಒಂದೂ ಕೂಗಿಲ್ಲ ಕಣೇ" ಎಂದು ಮಾವ ಪ್ರಮಾಣ ಮಾಡುತ್ತಿದ್ದರು. ರಸ್ತೆಯಲ್ಲಿ ಹಿಂದಿನಿಂದ ಸೈಕಲ್ಲಿನವರು ಬೆಲ್ಲು ಬಾರಿಸಿ ಬಾರಿಸಿ, ಕೊನೆಗೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ತಲೆಯೊಳಗೆ ಸರ್ಕ್ಯೂಟು ಓಡುವಾಗ ಬೆಲ್ಲು ಎಲ್ಲಿ ಕೇಳೀತು ಎಂದು ನಾವೆಲ್ಲ ನಗುತ್ತಿದ್ದೆವು. ಆ ಬೆಲ್ಲನ್ನೂ ನಾನು ಬಾಯಲ್ಲೇ ಬಾರಿಸಿ ತೋರಿಸುತ್ತಿದ್ದೆ.

ಹುಳುಗಳ ಪರೀಕ್ಷೆಗೆ ಟೇಪು ಯಾವಾಗಲೂ ಒಂದೇ. ಮದುವೆಯಾದ ಹೊಸದರಲ್ಲಿ ಅತ್ತೆ ಹಾಡಿದ ಒಂದು ಆರತಿ ಹಾಡು.

"ಈ ಟೇಪಲ್ಲಿ ಒಂದು ಸದ್ದಿತ್ತು ಕಣೋ. ಎರಡು ವರ್ಷದಿಂದ ಸಿಗ್ತಾ ಇಲ್ಲ. ಯಾವ್ದೋ ಒಂದು ಹುಳು ಅದನ್ನ ವಾಪಸ್ ತರುತ್ತೆ" ಎನ್ನುತ್ತಿದ್ದರು ಮಾವ.

"ಯಾವ ಸದ್ದು ಮಾವ?"

"ಹೇಳಿಬಿಟ್ರೆ ಪ್ರಶ್ನೆಪತ್ರಿಕೆ ಬಯಲಾದ ಹಾಗೆ. ನೀನೇ ಕೇಳಿ ಹೇಳ್ಬೇಕು."

ಬಿಸ್ಕತ್ತಿನ ಡಬ್ಬಿಗೆ ಹೆಡ್‌ಫೋನ್ ಸಿಕ್ಕಿಸುವ ಎರಡು ತೂತು ಕೊರೆದಿದ್ದರು, ಒಂದು ಪರೀಕ್ಷಕರಿಗೆ, ಒಂದು ನನಗೆ. ಮಾವನ ಬೆರಳು ದಪ್ಪ, ಹಾಗಾಗಿ ಹುಳು ಕೂರಿಸುವುದೂ ನನ್ನ ಕೆಲಸ. ಹಾಡು ನಡೆಯುವಾಗ ಮಾತಾಡಕೂಡದು, ಹೊಸದೇನಾದರೂ ಕೇಳಿಸಿದರೆ ಒಂದು ಬೆರಳು ಎತ್ತಬೇಕು. ನನಗೋ ಎಲ್ಲ ಹುಳುಗಳಲ್ಲೂ ಹಾಡು ಹಾಡಿನ ಹಾಗೇ ಕೇಳಿಸುತ್ತಿತ್ತು. ಅಡುಗೆಮನೆಯಿಂದ ತಿಂಡಿಯ ವಾಸನೆ ಬಂದ ತಕ್ಷಣ ಬೆರಳು ಎತ್ತಿ ಪಾಸಾಗುತ್ತಿದ್ದೆ.

ಎರಡು ತಿಂಗಳು ಕಾದು ತರಿಸಿದ ಒಂದು ಹುಳುವನ್ನು ಮಾವ ಕೊನೆಗೊಂದು ಶನಿವಾರ ತಂದರು. ಹತ್ತಿಯಲ್ಲಿ ಸುತ್ತಿ, ಜೇಬಿನಲ್ಲಿಟ್ಟು, ಮೆಜೆಸ್ಟಿಕ್ಕಿನಿಂದ ಬಸ್ಸಿನಲ್ಲಿ ಎದೆ ಹಿಡಿದುಕೊಂಡೇ ಬಂದಿದ್ದರು. ಎದೆನೋವೆಂದು ತಿಳಿದು ಕಂಡಕ್ಟರು ಸೀಟು ಕೊಡಿಸಿದನಂತೆ.

"ಇದ್ರಲ್ಲಿ ಬರ್ಲಿಲ್ಲ ಅಂದ್ರೆ ಇನ್ಯಾವ್ದ್ರಲ್ಲೂ ಬರಲ್ಲ" ಎಂದರು.

ಇಂಥ ಅವಕಾಶವನ್ನು ನಾನು ಬಿಡುತ್ತೇನೆಯೇ? ಹೊಸ ಹುಳುವನ್ನು ಅಂಗೈಯಲ್ಲಿ ಅಡಗಿಸಿ, ಹಳೆಯದನ್ನೇ ಮತ್ತೆ ಒತ್ತಿ ಕೂರಿಸಿದೆ. ಮಾವ ಆಹಾ ಎನ್ನಬೇಕು, ನಾನು ಅಂಗೈ ತೆರೆಯಬೇಕು, ಒಂದು ವರ್ಷದ ಮದುವೆಗಳಿಗೆಲ್ಲ ಸಾಕಾಗುವ ಸರಕು ಸಿಗಬೇಕು. ಅದು ನನ್ನ ಲೆಕ್ಕಾಚಾರ.

ಹಾಡು ಮುಗಿಯಿತು. ಮಾವ ಆಹಾ ಎನ್ನಲಿಲ್ಲ. ಮೊದಲ ಸಲ ಪ್ರಶ್ನೆಪತ್ರಿಕೆಯನ್ನು ತಾವೇ ಬಯಲು ಮಾಡಿದರು.

"ಬಳೆ ಬಂತೇನೋ?"

"ಯಾವ ಬಳೆ?"

"ನಿಮ್ಮತ್ತೆ ತೊಡೆ ಮೇಲೆ ತಾಳ ಹಾಕ್ಕೊಂಡು ಹಾಡಿದ್ಲು. ತಾಳಕ್ಕೊಂದ್ಸಲ ಗಾಜಿನ ಬಳೆ ಸದ್ದು."

"ಅದಾ? ಬರ್ತಿತ್ತಲ್ಲ ಮಾವ, ಮೊದಲಿಂದ ಕೊನೇವರ್ಗೂ. ಯಾವಾಗ್ಲೂ ಬರುತ್ತಲ್ಲ."

ಮಾವ ನನ್ನ ಮುಚ್ಚಿದ ಮುಷ್ಟಿಯನ್ನು ನೋಡಿದರು. ಅಂಗೈ ತೆರೆದೆ. ಬೈಯಲಿಲ್ಲ. ಹೊಸ ಹುಳುವನ್ನು ತಾವೇ ಕೂರಿಸಿ, ಗಲ್ಲ ಎತ್ತಿ, ಇಡೀ ಹಾಡು ಕೇಳಿದರು. ಬಳೆ ನನ್ನ ಹೆಡ್‌ಫೋನಿನಲ್ಲಿ ಎಂದಿನಂತೆ ಕಿಣಿಕಿಣಿ ಎನ್ನುತ್ತಿತ್ತು. ಮಾವನಿಗೆ ಕೇಳಿಸದ ಕುಕ್ಕರು, ಕೇಳಿಸದ ಸೈಕಲ್ ಬೆಲ್ಲು, ದಿನವಿಡೀ ಕಿವಿಗೆ ಗುದ್ದುವ ಪೀಣ್ಯದ ಪ್ರೆಸ್ಸುಗಳು, ಎಲ್ಲ ಒಂದೇ ಸಾಲಿನಲ್ಲಿ ಬಂದು ನನ್ನ ಮುಂದೆ ನಿಂತವು.

"ಟೇಪು ಸವೆದಿದೆ ಮಾವ. ನಂಗೂ ಸರಿಯಾಗಿ ಕೇಳಿಸಲ್ಲ" ಎಂದೆ.

"ಮಿಮಿಕ್ರಿ ಚೆನ್ನಾಗಿ ಬರುತ್ತೆ ಕಣೋ ನಿಂಗೆ. ಸುಳ್ಳು ಬರಲ್ಲ" ಎಂದರು. ಟೇಪನ್ನು ಮತ್ತೆ ಮೊದಲಿಗೆ ಸುತ್ತಿದರು. "ಹೆಡ್‌ಫೋನ್ ಹಾಕ್ಕೋ. ಬಳೆ ಬಂದಾಗೆಲ್ಲ ಬೆರಳು ಎತ್ತು."

ಎತ್ತಿದೆ. ನನ್ನ ಜನ್ಮದಲ್ಲಿ ಪ್ರಾಮಾಣಿಕವಾಗಿ ಬರೆದ ಪರೀಕ್ಷೆ ಅದೊಂದೇ. ಅವರು ಕಣ್ಣು ಮುಚ್ಚಲಿಲ್ಲ. ನನ್ನ ಬೆರಳನ್ನೇ ನೋಡುತ್ತಾ, ಅದು ಮೇಲೆದ್ದಾಗಲೆಲ್ಲ ತಲೆದೂಗಿದರು.

ಹಾಡು ಮುಗಿದು ಹೆಡ್‌ಫೋನ್ ತೆಗೆಯುವ ಹೊತ್ತಿಗೆ ಅತ್ತೆ ಕಾಫಿ ತಂದರು. ಲೋಟ ಇಡುವಾಗ ಬಳೆ ಸದ್ದಾಯಿತು. ನಾನು ಬೆರಳು ಎತ್ತಿದೆ. ಮಾವ ಬೆರಳನ್ನು ನೋಡಿದರು, ಆಮೇಲೆ ಅತ್ತೆಯ ಕೈಯನ್ನು.

"ಏನ್ರೀ ಇದು, ಇವನು ಮೇಲೆ ತೋರಿಸ್ತಾನೆ, ನೀವು ನನ್ನ ನೋಡ್ತೀರಾ. ಫ್ಯಾನ್ ಕೆಟ್ಟಿದೆಯಾ?"

ಮಾವ ಒಂದು ಗುಟುಕು ಕುಡಿದು ಲೋಟವನ್ನು ಮುಂದೆ ಚಾಚಿದರು. "ಸಕ್ಕರೆ ತಳದಲ್ಲೇ ಇದೆ ಕಣೇ. ಇಲ್ಲೇ ಕೂತು ಸ್ವಲ್ಪ ಕಲಸು."

ಸಕ್ಕರೆ ಸರಿಯಾಗಿಯೇ ಕರಗಿತ್ತು. ಅತ್ತೆ ಗೊಣಗಿಕೊಂಡೇ ಕೂತು, ಚಮಚ ಹಾಕಿ ಕಲಸತೊಡಗಿದರು. ನಾನು ಬೆರಳನ್ನು ಇಳಿಸಲೇ ಇಲ್ಲ.