ಕತ್ತಿನಿಂದ ಕುಡಿದ ನೀರು

ರಾತ್ರಿಯೆಲ್ಲ ಭೇದಿಯಾಗಿ ನೀರಿನಂತೆ ಉಚ್ಚಿಕೊಂಡ ಎತ್ತು ಬೆಳಗ್ಗೆ ಏಳಲಿಲ್ಲ. ರೇವಣಪ್ಪ ಬಾಲ ತಿರುವಿದ, ಬೈದ, ಕೊನೆಗೆ ಬೇಡಿಕೊಂಡ. ಅದು ಗುಳಿಬಿದ್ದ ಕಣ್ಣುಗಳಿಂದ, ಗುರುತಿಲ್ಲದವನನ್ನು ನೋಡುವ ಹಾಗೆ ಅವನನ್ನು ನೋಡಿತು. ಹೊರಗೆ ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಉಳುವ ಹದಕ್ಕೆ ಬಂದಿತ್ತು. ಅಜ್ಜಂಪುರದ ಸುತ್ತಿನ ಎರೆಹೊಲ ಒಂಟಿ ಎತ್ತಿಗೆ ಬಗ್ಗುವಂಥದ್ದಲ್ಲ.

ಅವನು ಬಾನಿಯಲ್ಲಿ ನೀರು ತಂದು ಎತ್ತಿನ ಮೂತಿಗೆ ಹಿಡಿಯುವಷ್ಟರಲ್ಲಿ ಪಕ್ಕದ ಮನೆಯ ಷಣ್ಮುಖಪ್ಪ ಓಡಿ ಬಂದ.

"ಲೇ, ಬುದ್ಧಿ ಐತೇನೋ? ಉಚ್ಕೊಳ್ತಿರೋ ದನಕ್ಕೆ ಯಾರಾದ್ರೂ ನೀರು ಕೊಡ್ತಾರಾ? ಮೇಲೆ ಹೊಯ್ದಿದ್ದು ಕೆಳಗೆ ಬತ್ತೈತೆ, ಅಷ್ಟೆ!" ಎಂದು ಬಾನಿಯನ್ನೇ ಮಗುಚಿದ.

ಎದುರುಮನೆಯ ಮುದುಕಿ ಕಲ್ಲಮ್ಮ ಕುಡುಗೋಲು ಕಾಯಿಸಿ ತಂದು ಎತ್ತಿನ ಹೊಟ್ಟೆಗೆ ಬರೆ ಎಳೆದಳು. ಎತ್ತು ಮಿಸುಕಲೂ ಇಲ್ಲ.

"ನೋಡ್ದಾ, ನೋವು ನಿಂತೋಯ್ತು," ಎಂದಳು ಕಲ್ಲಮ್ಮ.

ರೇವಣಪ್ಪ ಅಜ್ಜಂಪುರಕ್ಕೆ ಓಡಿದ. ಅಲ್ಲಿ ಬಿಡಾರ ಹೂಡಿದ್ದ ದನದ ಡಾಕ್ಟರು ಎಳೆಯ ವಯಸ್ಸಿನವರು. ರಬ್ಬರ್ ಕೊಳವೆ, ದಪ್ಪ ಸೂಜಿ ಕಟ್ಟಿಕೊಂಡು ಸೈಕಲ್ಲಿನಲ್ಲೇ ಹೊರಟು ಬಂದರು. ಎತ್ತಿನ ಕತ್ತಿನ ಚರ್ಮವನ್ನು ಹಿಡಿದೆಳೆದು ಬಿಟ್ಟರು. ಎಳೆದ ಚರ್ಮ ಡೇರೆಯ ಹಾಗೆ ನಿಂತೇ ಇತ್ತು.

"ಮೈಯಲ್ಲಿ ನೀರೇ ಉಳಿದಿಲ್ಲ. ಇನ್ನು ಬಾಯಿಗೆ ಕುಡಿಸಿದರೆ ಸಾಲದು. ಉಪ್ಪುನೀರು ಕುದಿಸಿ ಆರಿಸಿ ರಕ್ತನಾಳಕ್ಕೇ ಬಿಡಬೇಕು."

"ಹಿಂಗೆ ಎಷ್ಟು ದನ ಬದುಕ್ಯಾವೆ ಸ್ವಾಮಿ?"

"ದನ ಸಾಯೋ ಹೊತ್ತಿಗೇ ಎಲ್ಲರೂ ಕರೀತಾರೆ," ಎಂದು ಡಾಕ್ಟರು ಬೇರೆ ಕಡೆ ನೋಡಿದರು.

ಹಂಡೆಯ ನೀರಿಗೆ ಅವರು ಅಳೆದು ಹಾಕಿದ ಉಪ್ಪು ಕಲ್ಲಮ್ಮನಿಗೆ ಜಿಪುಣತನವಾಗಿ ಕಂಡಿತು. ಅವರು ಅತ್ತ ತಿರುಗಿದಾಗ ಎರಡು ಹಿಡಿ ಸುರಿದಳು. ಡಾಕ್ಟರು ರುಚಿ ನೋಡಿ, ಥೂ ಎಂದು ಉಗಿದು ಹಂಡೆಯನ್ನೇ ಚೆಲ್ಲಿಸಿದರು. ಎರಡನೆಯ ಹಂಡೆ ಬೇಗ ಆರಲಿ ಎಂದು ಷಣ್ಮುಖಪ್ಪ ಅದಕ್ಕೆ ಕೆರೆಯ ನೀರು ಬೆರೆಸಿದ. ಅದನ್ನೂ ಚೆಲ್ಲಿದ್ದಾಯಿತು. ಮೂರನೆಯದು ಕುದಿದು ಆರುವಷ್ಟರಲ್ಲಿ ಎತ್ತಿನ ಕಿವಿ ತಣ್ಣಗಾಗಿತ್ತು. ಮೂಗಿನ ಮೇಲೆ ನೊಣ ಕೂತರೂ ಅದು ತಲೆ ಕೊಡವಲಿಲ್ಲ.

ಸೂಜಿ ಕತ್ತಿಗೆ ಇಳಿಯಿತು. ಕೊಳವೆಯ ಮೇಲ್ತುದಿಗೆ ಸಿಕ್ಕಿಸಿದ ಆಲಿಕೆಯನ್ನು ಎತ್ತಿ ಹಿಡಿದು ಗಾಡಿಯ ಮೇಲೆ ನಿಲ್ಲುವುದು ರೇವಣಪ್ಪನ ಪಾಲಿಗೆ ಬಂತು. ತೋಳು ಸೋತು ಜಗ್ಗಿದಾಗಲೆಲ್ಲ ಡಾಕ್ಟರು, "ಕೈ ಇಳಿಸಬೇಡ!" ಎಂದು ಕೂಗುತ್ತಿದ್ದರು.

"ಕತ್ತಿಗೆ ಬಿಟ್ಟ ನೀರು ಹೊಟ್ಟೆಗೆ ಹೋಗೋ ದಾರಿ ಯಾವ್ದು?" ಎಂದು ಷಣ್ಮುಖಪ್ಪ ನೆರೆದವರನ್ನು ಕೇಳುತ್ತಿದ್ದ. ರೇವಣಪ್ಪನಿಗೂ ಗೊತ್ತಿರಲಿಲ್ಲ. ಹಲ್ಲು ಕಚ್ಚಿ, ಕಣ್ಣೀರು ಒರೆಸಿಕೊಳ್ಳಲೂ ಕೈಯಿಲ್ಲದೆ ನಿಂತಿದ್ದ.

ಹೊತ್ತು ಇಳಿಯುವಾಗ ಎತ್ತು ಉಚ್ಚೆ ಹೊಯ್ದಿತು. ಮೈಗೆ ನೀರು ಹತ್ತಿತೆಂದು ಡಾಕ್ಟರು ಗಂಡುಮಗು ಹುಟ್ಟಿದವರಂತೆ ಕುಣಿದರು. ಇನ್ನೊಂದು ಗಳಿಗೆಗೆ ಅದು ಮೊಣಕಾಲೂರಿತು, ತೂರಾಡಿತು, ಎದ್ದು ನಿಂತಿತು. ರೇವಣಪ್ಪ ಗಾಡಿಯಿಂದ ಧುಮುಕಿ ಅದರ ಕುತ್ತಿಗೆ ತಬ್ಬಿಕೊಂಡ.

ಜನ ಡಾಕ್ಟರ ಕಡೆ ತಿರುಗಲೇ ಇಲ್ಲ. ಎಲ್ಲರೂ ಊರ ಸ್ವಾಮಿಗಳ ಮಠದ ದಿಕ್ಕಿಗೆ ಕೈಮುಗಿದರು. ಕಲ್ಲಮ್ಮ ಎಲ್ಲಿಂದಲೋ ಕಣಗಿಲೆ ಹಾರ ತಂದು ಎತ್ತಿನ ಕೊರಳಿಗೆ ಹಾಕಿದಳು. ರೇವಣಪ್ಪ ಹೆಂಡತಿಯ ಮುಖ ನೋಡಿದ. ತೀರ್ಥಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ನೀವು ಡಾಕ್ಟ್ರನ್ನ ಕರಿಯೋಕೆ ಹೋದಾಗ ಹರಕೆ ಕಟ್ಕೊಂಡ್ಬಿಟ್ಟೆ ಕಣ್ರೀ. ಎದ್ರೆ ಮಠಕ್ಕೆ ಬಿಡ್ತೀನಿ ಅಂತ. ಹೆಂಗಿದ್ರೂ ಸಾಯೋ ಎತ್ತು, ಹೇಳ್ಕೊಂಡ್ರೆ ಏನೋಯ್ತು ಅಂದ್ರು ಇವ್ರೆಲ್ಲ."

ಎತ್ತು ಹಾರ ತೂಗಾಡಿಸುತ್ತ ಜನರ ನಡುವೆ ಮಠದ ಕಡೆಗೆ ನಿಧಾನವಾಗಿ ನಡೆದು ಹೋಯಿತು. ಡಾಕ್ಟರು ಒಬ್ಬರೇ ಕೊಳವೆ ಸುತ್ತಿಟ್ಟು ಸೈಕಲ್ ಹತ್ತಿದರು. ರೇವಣಪ್ಪ ಷಣ್ಮುಖಪ್ಪನ ಮುಂದೆ ನಿಂತ.

"ಅಣ್ಣಾ, ಹದ ಆರೋ ಮುಂಚೆ ಒಂದೆತ್ತು ಕೊಡು. ಉತ್ತು ತಿರುಗಿ ತಂದ್ಕೊಡ್ತೀನಿ."

"ಅಯ್ಯೋ, ನಿನ್ನೆತ್ತು ಸತ್ತಿದ್ರೆ ಪಾಪ ಅಂತ ನಾನೇ ಹೊಡ್ಕೊಂಡ್ ಬಂದು ಕೊಡ್ತಿದ್ದೆ," ಎಂದ ಷಣ್ಮುಖಪ್ಪ, ಕೆನ್ನೆ ಬಡಿದುಕೊಳ್ಳುತ್ತ. "ಈಗ ಸ್ವಾಮೇರೇ ನಿನ್ ಕೈ ಹಿಡ್ದವ್ರೆ. ನಡುವೆ ಬರೋಕೆ ನಾನ್ಯಾರಪ್ಪಾ?"