ಹೊಸತಿಗೆ ಐದಕ್ಕೆ ಐದು

ಹಗಲುಗನಸು ಕಾಣುವವರಿಗೆ ಅಳತೆಯ ಕೆಲಸ ಕೊಡಬಾರದು. ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಹುಬ್ಬಳ್ಳಿಯಿಂದ ಮಣಿಪಾಲಕ್ಕೆ ಬಂದು ಮ್ಯಾನೇಜ್‌ಮೆಂಟ್ ಪಾಠ ಹೇಳುತ್ತಿದ್ದ ನಾನು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕಂಪನಿಗಳು ವ್ಯಾಪಾರ ನಡೆಸುವ ರೀತಿಯಲ್ಲಿ ಎಷ್ಟು ಹೊಸತನ ತರುತ್ತವೆ ಎಂದು ಅಳೆಯುವ ಪಿಎಚ್‌ಡಿಗೆ ಕೈಹಾಕಿದ್ದೆ. ಮೂರು ವರ್ಷ ಕಳೆದಿತ್ತು, ಇನ್ನೊಂದು ವರ್ಷದೊಳಗೆ ಒಪ್ಪಿಸದಿದ್ದರೆ ನೋಂದಣಿಯೇ ರದ್ದು ಎಂದು ಗೈಡ್ ಎಚ್ಚರಿಸಿದ್ದರು. ನಾನಾದರೋ ಹೆಸರಿನ ಮುಂದೆ 'ಡಾ.' ಸೇರಿದರೆ ಬನ್ನಂಜೆಯ ಬಾಡಿಗೆ ಮನೆಯ ಬಾಗಿಲು ಹೇಗೆ ಕಾಣಬಹುದು ಎಂದು ಯೋಚಿಸುತ್ತ, ಬಸ್ಸಿನ ಕಿಟಕಿಗೆ ತಲೆಯಾನಿಸಿ, ಹಿರಿಯಡ್ಕದಲ್ಲಿ ಇಳಿಯಬೇಕಾದವಳು ಕಾರ್ಕಳ ತಲುಪಿಬಿಡುತ್ತಿದ್ದೆ. ಆ ಗಾಳಿಯಲ್ಲಿ ಅರ್ಧ ಪ್ರಬಂಧವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೂ ಉಂಟು.

ಗೇರುಬೀಜದ ಫ್ಯಾಕ್ಟರಿಗಳಿಗೆ ಪ್ರಶ್ನಾವಳಿ ಹಂಚಿದ್ದೆ. 'ಹೊಸತನ' ಎಂಬುದು ಭಾರವಾಯಿತೆಂದು ಎಲ್ಲ ಕಡೆ ಸರಳವಾಗಿ 'ಹೊಸತು' ಎಂದು ಬರೆದಿದ್ದೆ. ನಿಮ್ಮಲ್ಲಿ ಹೊಸತು ಯಾವಾಗ ನಡೆಯುತ್ತದೆ? ಪ್ರತಿ ವರ್ಷ, ತಪ್ಪದೆ. ಯಾರೆಲ್ಲ ಪಾಲ್ಗೊಳ್ಳುತ್ತಾರೆ? ಎಲ್ಲರೂ. ಬಂದ ಕಾಗದಗಳಲ್ಲೆಲ್ಲ ಐದಕ್ಕೆ ಐದು. ಗೈಡ್ ಕುರ್ಚಿಯಿಂದ ಎದ್ದೇ ಬಿಟ್ಟರು. "ಎಂತ ಮಾರಾಯ್ರೆ, ನಮ್ಮ ಊರು ಜಪಾನನ್ನೂ ಮೀರಿಸಿತಲ್ವಾ!"

ಒಂದು ಸಣ್ಣ ಅನುಮಾನ ಮಾತ್ರ ಉಳಿದಿತ್ತು. ಹಿರಿಯಡ್ಕದ ಸುಧಾಕರಣ್ಣನ ಫ್ಯಾಕ್ಟರಿಗೂ ಐದಕ್ಕೆ ಐದು. ಅಲ್ಲಿ ತಕ್ಕಡಿಯಿಂದ ಗಿರಾಕಿಗಳವರೆಗೆ ಎಲ್ಲವೂ ಅವರ ತಂದೆಯ ಕಾಲದ್ದು. ಹೋಗಿ ಕೇಳಿದೆ: "ಅಣ್ಣಾ, ಈ ವರ್ಷ ಹೊಸತು ಏನು ಮಾಡಿದಿರಿ?"

"ಈ ವರ್ಷದ್ದು ನಾಡಿದ್ದು ಉಂಟು ಟೀಚರ್. ನೀವೂ ಊಟಕ್ಕೆ ಬನ್ನಿ."

"ಊಟಕ್ಕೆ?"

"ಮತ್ತೆ ಹೊಸತು ಅಂದ್ರೆ ಎಂತ? ಗದ್ದೆಯ ಹೊಸ ತೆನೆ ಮನೆಗೆ ತಂದು, ಪಾಯಸ ಮಾಡಿ, ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುವುದಲ್ವಾ? ಕಾಲೇಜಿನವರಿಗೆ ನಮ್ಮ ಮನೆಯ ಹೊಸತು ಎಂತಕ್ಕೆ ಅಂತ ನನಗೂ ಆಶ್ಚರ್ಯ ಆಗಿತ್ತು."

ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಆದರೂ ಊಟಕ್ಕೆ ಹೋದೆ. ಸುಧಾಕರಣ್ಣನ ತಾಯಿ ಹೊಸ ಭತ್ತದ ನಾಲ್ಕು ಕಾಳು ಸುಲಿದು, ಕುದಿಯುವ ಹಳೆ ಅಕ್ಕಿಗೆ ಹಾಕಿದರು. ಅಷ್ಟಕ್ಕೇ ಇಡೀ ಪಾತ್ರೆ ಹೊಸತಾಯಿತಂತೆ. ಇಷ್ಟು ಚೆಂದದ ವ್ಯಾಖ್ಯೆ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಾಳೆಲೆಯ ಮುಂದೆ ಕುಳಿತೇ ಮನಸ್ಸಿನಲ್ಲಿ ಹೊಸದೊಂದು ಪ್ರಬಂಧ ಶುರುಮಾಡಿದೆ, ಒಪ್ಪಿಸಿದೆ, ಸನ್ಮಾನದ ಶಾಲೂ ಹೊದ್ದೆ.

"ಅಲ್ಲ ಟೀಚರ್, ನೀವು ಬರೆಯುವುದರಲ್ಲಿ ಹೊಸತು ಎಂತ ಉಂಟು?" ಎಂದರು ಸುಧಾಕರಣ್ಣ. ಕುಹಕವಿಲ್ಲ, ಬರೀ ಕುತೂಹಲ.

ಪ್ರಶ್ನಾವಳಿಯ ನಲವತ್ತು ಪ್ರಶ್ನೆಗಳೂ ವಿದೇಶದ ಪುಸ್ತಕವೊಂದರವು. ಅಳತೆಗೋಲೂ ಅದರದ್ದೇ. ನನ್ನದು ಎನ್ನಬಹುದಾದದ್ದು ಕನ್ನಡ ಮಾತ್ರ. ಅದನ್ನು ಅವರು ಮೊನ್ನೆ ತಾನೇ ತಿದ್ದಿದ್ದರು. ಉತ್ತರಕ್ಕೆಂದು ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಹೇಗೆ? ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.